ಸೊಸೆಯನ್ನ ಕೇಳಿದರೆ ಅತ್ತೆ ಉತ್ತರ ಕೊಡ್ತಾರೆ, ಕೌನ್ಸೆಲಿಂಗ್ ಮಾಡೋದು ಹೇಗೆ?

ಹೊಸ_ಕೌನ್ಸೆಲರ್:
ನಾನು ಮೈಸೂರು ಕಡೆಯವಳು, ಈಗ ಕೊಪ್ಪಳ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಲಂಬಾಣಿ ತಾಂಡಾಗಳಿಂದ ಹೆಣ್ಣುಮಕ್ಕಳು ಜಾಸ್ತಿ ಬರುತ್ತಾರೆ. ತಲೆನೋವು, ಎದೆ ಹೊಡ್ಕೊಳ್ಳುತ್ತೆ, ನಿದ್ದೆ ಇಲ್ಲ ಅಂತ ಬಂದವರನ್ನ ಡಾಕ್ಟರು ನನ್ನ ಹತ್ತಿರ ಕಳಿಸುತ್ತಾರೆ. ಜೊತೆಗೆ ಅತ್ತೆ ಇದ್ದೇ ಇರುತ್ತಾರೆ. ನನಗೆ ಅವರ ಭಾಷೆ ಗೋರ್ ಬೋಲಿ ಬರಲ್ಲ, ಹಾಗಾಗಿ ಸೊಸೆಯ ಮಾತನ್ನ ಕನ್ನಡದಲ್ಲಿ ಹೇಳುವವರೂ ಅವರೇ! "ಮೈಮೇಲೆ ದೇವರು ಬರ್ತದ, ಹರಕೆ ಬಾಕಿ ಅದ" ಅಂತಾರೆ. ಕ್ಲಾಸಲ್ಲಿ ಕಲಿತಿದ್ದು ಒಬ್ಬರನ್ನೇ ಕೂರಿಸಿ ಮಾತಾಡಿಸಿ ಅಂತ. ಇಲ್ಲಿ ಅತ್ತೆಯನ್ನ ಹೊರಗೆ ಹೋಗಿ ಅಂದರೆ ಮುಂದಿನ ಸಲ ಇಬ್ಬರೂ ಬರಲ್ಲ. ಏನು ಮಾಡಲಿ?

ರಾಯಚೂರು_ಅಕ್ಕ:
ಮೊದಲ ದಿನವೇ ಹೊರಗೆ ಕಳಿಸಬೇಡ ತಂಗಿ. ಹಿರಿಯರು, ಅಷ್ಟು ದೂರದಿಂದ ಕರ್ಕೊಂಡು ಬಂದಿದ್ದಾರೆ, ಅವರ ಮಾತು ಮೊದಲು ಕೇಳು. ಆಮೇಲೆ ನರ್ಸ್ ಬಂದು "ಬಿಪಿ, ತೂಕ ನೋಡಬೇಕು" ಅಂತ ಸೊಸೆಯನ್ನ ಒಳಗೆ ಕರೆಯಲಿ. ನಿಜವಾಗಿಯೂ ನೋಡಿ, ಸುಮ್ನೆ ನೆಪ ಬೇಡ. ಅಲ್ಲೇ ಮಾತಾಡು, ಯಾವ ಅತ್ತೆಯೂ ಬೇಡ ಅನ್ನಲ್ಲ. ಭಾಷೆಗೆ ಅದೇ ತಾಂಡಾದ ಆಶಾ ಕಾರ್ಯಕರ್ತೆಯನ್ನ ಮಾತ್ರ ಕೂರಿಸಬೇಡ, ಅವರು ಬಾಯಿ ಬಿಡದಿದ್ದರೂ ಈ ಹುಡುಗಿಗೆ ಧೈರ್ಯ ಬರಲ್ಲ. ಬೇರೆ ತಾಂಡಾದ ಸಿಬ್ಬಂದಿ ಇದ್ದರೆ ಕೇಳು.

ಮೌನ_ಮಾತು:
ದೇವರ ವಿಷಯಕ್ಕೆ ವಾದಕ್ಕೆ ಇಳಿಯಬೇಡಿ. ಮೈಮೇಲೆ ಬಂದಾಗ ಏನು ಹೇಳುತ್ತೆ, ಯಾರಿಗೆ ಹೇಳುತ್ತೆ ಅಂತ ಕೇಳಿ. ಎಷ್ಟೋ ಮನೆಯಲ್ಲಿ ಗಂಡನಿಗೆ "ಕುಡೀಬ್ಯಾಡ" ಅಂತ ಗದರಿಸುವ ಹಕ್ಕು ಹೆಂಡತಿಗೆ ಸಿಗೋದು ಆಗ ಮಾತ್ರ. ಬಂದು ಹೋದ ಮೇಲೆ ಅವಳು ಹಗುರಾಗಿ, ಕೆಲಸ ಮಾಡಿಕೊಂಡು ಚೆನ್ನಾಗಿದ್ದರೆ ಅದನ್ನ ಕಾಯಿಲೆ ಅನ್ನೋದೇ ತಪ್ಪು. 2013ರ ಡಿಎಸ್‌ಎಂ-5ರಲ್ಲಿ (ಮಾನಸಿಕ ಕಾಯಿಲೆ ಗುರುತಿಸೋಕೆ ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ) ರೋಗಿಯ ನಂಬಿಕೆ, ಸಂಸ್ಕೃತಿ ತಿಳಿಯೋಕೆಂದೇ 16 ಪ್ರಶ್ನೆಗಳಿವೆ: ಈ ತೊಂದರೆ ಯಾಕೆ ಬಂತು ಅಂತ ನಿಮಗನಿಸುತ್ತೆ, ಮನೆಯವರು ಏನಂತಾರೆ, ಇಲ್ಲಿಯವರೆಗೆ ಯಾರ ಹತ್ತಿರ ಹೋಗಿದ್ದೀರಿ, ಹೀಗೆ. ಆಡುಮಾತಲ್ಲಿ ಕೇಳಿ, ಓದಿ ಹೇಳಬೇಡಿ.

ಕಾನೂನು_ಕಣ್ಣು:
ಸ್ವಲ್ಪ ತಡೀರಿ. ಸಂಸ್ಕೃತಿ ಅಂತ ಎಲ್ಲಕ್ಕೂ ತಲೆ ಆಡಿಸೋಕೆ ಆಗಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ವಾಸಿ ಮಾಡಿಸೋಕೆ ಕರೆತಂದ ಮಾನಸಿಕ ರೋಗಿಗಳನ್ನ ಇಟ್ಟಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ 28 ಜನ ಸತ್ತರು, ಸರಪಳಿ ಹಾಕಿದ್ದರಿಂದ ಓಡೋಕಾಗಲಿಲ್ಲ. ಹರಕೆ ತೀರಿಸಲಿ, ಯಾರದೇನೂ ತಕರಾರಿಲ್ಲ. ಆದರೆ ಹೊಡೀತಾರಾ, ಉಪವಾಸ ಕೆಡವುತ್ತಾರಾ, ಕಟ್ಟಿಹಾಕ್ತಾರಾ ಅಂತ ಕೇಳಲೇಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕೋದನ್ನ ಪೂರ್ತಿ ನಿಷೇಧಿಸಿದೆ. ಅವಳು ಹೇಳಿದ್ದನ್ನ ಗುಟ್ಟಾಗಿ ಇಡಬೇಕು ಅನ್ನೋದೂ ಅದರಲ್ಲೇ ಇದೆ, ಅತ್ತೆ ಆಮೇಲೆ "ಏನಂದಳು" ಅಂತ ಕೇಳೇ ಕೇಳ್ತಾರೆ, ಉತ್ತರ ಈಗಲೇ ಯೋಚಿಸಿಡಿ.

ಹೊಸ_ಕೌನ್ಸೆಲರ್:
ಬಿಪಿ ಉಪಾಯ ಸೋಮವಾರವೇ ಶುರು ಅಕ್ಕ. ಇನ್ನೊಂದು ಕೇಳೋದಿತ್ತು, ದೀಪಾವಳಿ ಆದಮೇಲೆ ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಗುಳೆ ಹೋಗ್ತಾರಲ್ಲ, ಆಗ?

ರಾಯಚೂರು_ಅಕ್ಕ:
ಹೋಗೋ ದಿನ ಮೊದಲೇ ಕೇಳಿಟ್ಟುಕೊ. ಎಷ್ಟು ದಿನದ ಮಾತ್ರೆ ಕೊಡಬಹುದು ಅಂತ ಡಾಕ್ಟರ ಹತ್ತಿರ ಮಾತಾಡಿ ಬರೆಸು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಚೀಟಿ ಮೇಲೆ ದೊಡ್ಡದಾಗಿ ಬರೆದುಕೊಡು, ಅಲ್ಲಿಂದಲೂ ಫೋನ್ ಮಾಡಬಹುದು. ಫೋನ್ ಯಾರ ಕೈಲಿರುತ್ತೆ ಅಂತಲೂ ಕೇಳು, ಬಹಳ ಸಲ ಗಂಡನ ಕೈಲೇ ಇರುತ್ತೆ.