ಟೆಕ್ಸಾಸ್ ಗುಡ್ಡಗಳಿಗೆ ಹೋದ ಜರ್ಮನರು ಹೇಗೆ ಬದುಕಿದರು?

ತೋಟದಾಚೆ ಮನೆ, ತೀರ್ಥಹಳ್ಳಿ:
ತಂಗಿ ಮಗಳು ಟೆಕ್ಸಾಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೊನ್ನೆ ಫ್ರೆಡರಿಕ್ಸ್‌ಬರ್ಗ್ ಅನ್ನುವ ಊರಿಗೆ ಹೋಗಿ ಒಂದು ರಾಶಿ ಫೋಟೋ ಕಳಿಸಿದಳು. ಅಂಗಡಿ ಬೋರ್ಡು, ಊಟ, ಹಳೇ ಮನೆಗಳು ಎಲ್ಲ ಜರ್ಮನ್. 1846ರಲ್ಲಿ ಕಟ್ಟಿದ ಊರಂತೆ. ಊರಲ್ಲಿ ಹೊಲ ಮನೆ ಇದ್ದವರು ಸಮುದ್ರ ದಾಟಿ ಅಲ್ಲಿಗೆ ಯಾಕೆ ಹೋದರು? ಹೋದ ಹೊಸದರಲ್ಲಿ ಏನು ತಿಂದರು, ಎಲ್ಲಿ ಮಲಗಿದರು? ನೆಟ್‌ನಲ್ಲಿ ಹುಡುಕಿದರೆ ಬರೀ "ಕಷ್ಟಪಟ್ಟು ದುಡಿದು ಮೇಲೆ ಬಂದರು" ಅಂತ ಇದೆ. ಅದನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು. ವಿವರ ಗೊತ್ತಿದ್ದವರು ಹೇಳಿ. ಹಾಗೇ, ಮಂಗಳೂರು ಹೆಂಚಿನ ಜರ್ಮನರಿಗೂ ಇವರಿಗೂ ಸಂಬಂಧ ಏನಾದರೂ ಇದೆಯಾ?

ರಿಟೈರ್ಡ್ ಮೇಷ್ಟ್ರು, ಸಾಗರ:
ಹೊಲ ಇತ್ತು, ಸಾಕಾಗುವಷ್ಟು ಇರಲಿಲ್ಲ. ಜರ್ಮನಿಯ ನೈಋತ್ಯ ಭಾಗದಲ್ಲಿ ಅಪ್ಪನ ಜಮೀನು ಎಲ್ಲ ಮಕ್ಕಳಿಗೂ ಪಾಲಾಗುತ್ತಿತ್ತು. ಮೂರು ತಲೆಮಾರು ಹಿಸ್ಸೆ ಆದಮೇಲೆ ಕೈಗೆ ಎಷ್ಟು ಬರುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ 1845ರಿಂದ ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಕಾರ್ಖಾನೆ ಬಟ್ಟೆ ಬಂದು ನೇಕಾರರ ಕೈ ಖಾಲಿಯಾಯಿತು. 1848ರ ಕ್ರಾಂತಿ ಸೋತ ಮೇಲೆ ಓದಿದವರೂ ಹೊರಟರು. 1854 ಒಂದೇ ವರ್ಷದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜರ್ಮನರು ಅಮೆರಿಕದಲ್ಲಿ ಇಳಿದರು.

ಟೆಕ್ಸಾಸ್ ಕಥೆ ಸ್ವಲ್ಪ ಬೇರೆ. 1842ರಲ್ಲಿ ಕೆಲವು ರಾಜಮನೆತನದವರು ಸೇರಿ ಆಡೆಲ್ಸ್‌ಫೆರೈನ್ ಅಂತ ಒಂದು ಸಂಘ ಮಾಡಿದರು. ಸಂಸಾರಸ್ಥನಿಗೆ 320 ಎಕರೆ, ಒಂಟಿ ಗಂಡಸಿಗೆ 160 ಎಕರೆ ಅಂತ ಆಸೆ ಹುಟ್ಟಿಸಿದರು. ಆ ಜಮೀನು ಆಗ ಅಲ್ಲಿನ ಮೂಲನಿವಾಸಿಗಳಾದ ಕೊಮಾಂಚಿ ಜನರ ಕೈಯಲ್ಲಿತ್ತು. ಸಂಘದವರ ಹತ್ತಿರ ದುಡ್ಡೂ ಸಾಲಲಿಲ್ಲ, ಲೆಕ್ಕವೂ ಸರಿ ಇರಲಿಲ್ಲ, ಆದರೂ ಹಡಗಿನ ಮೇಲೆ ಹಡಗು ಜನರನ್ನು ಕಳಿಸುತ್ತಲೇ ಹೋದರು, ಒಟ್ಟು ಏಳು ಸಾವಿರಕ್ಕೂ ಹೆಚ್ಚು ಜನ.

ಇಳಿದದ್ದು ಇಂಡಿಯನೋಲಾ ಕಡಲ ತೀರದಲ್ಲಿ. 1846ರಲ್ಲಿ ಅಮೆರಿಕಕ್ಕೂ ಮೆಕ್ಸಿಕೋಗೂ ಯುದ್ಧ ಶುರುವಾಗಿ ಇದ್ದ ಗಾಡಿಗಳನ್ನೆಲ್ಲ ಸೈನ್ಯ ಬಾಡಿಗೆಗೆ ಹಿಡಿಯಿತು. ಸಾವಿರಾರು ಜನ ಮಳೆಯಲ್ಲಿ, ಡೇರೆಗಳಲ್ಲಿ, ನೆಲದಲ್ಲಿ ತೋಡಿದ ಗುಂಡಿಗಳಲ್ಲಿ ಸಿಕ್ಕಿಕೊಂಡರು. ಜ್ವರ, ಭೇದಿ. ಎಷ್ಟೋ ಮಂದಿ ಅಲ್ಲೇ ಸತ್ತರು, ಕಾದು ಸಾಕಾಗಿ ನಡೆದು ಹೊರಟವರಲ್ಲಿ ಕೆಲವರು ದಾರಿಯಲ್ಲಿ ಸತ್ತರು. "ದುಡಿದು ಮೇಲೆ ಬಂದರು" ಅನ್ನುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಫ್ರೆಡರಿಕ್ಸ್‌ಬರ್ಗ್‌ಗೆ ಮೊದಲ ತಂಡ, ಜರ್ಮನರು ಅದಕ್ಕೂ ಮೊದಲೇ ಕಟ್ಟಿದ್ದ ನ್ಯೂ ಬ್ರೌನ್‌ಫೆಲ್ಸ್ ಊರಿನಿಂದ ಎತ್ತಿನ ಗಾಡಿಗಳಲ್ಲಿ ಹೊರಟು 16 ದಿನಕ್ಕೆ ಮುಟ್ಟಿತು. ಈಗ ಕಾರಿನಲ್ಲಿ ಎರಡು ಗಂಟೆ ಬೇಡ. ಸಿಕ್ಕಿದ್ದು ಊರೊಳಗೆ ಒಂದು ಸೈಟು, ಹೊರಗೆ 10 ಎಕರೆ. ಮೊದಲು ಗುಡಿಸಲು, ಆಮೇಲೆ ಮರದ ದಿಮ್ಮಿಯ ಮನೆ, ಕೈಗೆ ಕಾಸು ಬಂದಮೇಲೆ ಮರದ ಚೌಕಟ್ಟಿನ ನಡುವೆ ಕಲ್ಲು ಮಣ್ಣು ತುಂಬಿದ ಗೋಡೆ. ಊರಲ್ಲಿ ತಿನ್ನುತ್ತಿದ್ದ ರೈ ಬ್ರೆಡ್ ಇಲ್ಲ. ನಮ್ಮ ಶಿಕಾರಿಪುರದ ಕಡೆ ಬೆಳೆಯುವ ಅದೇ ಮೆಕ್ಕೆಜೋಳ, ಜೊತೆಗೆ ಜಿಂಕೆ ಮಾಂಸ, ಹೊಗೆ ಹಾಕಿಟ್ಟ ಹಂದಿ ಮಾಂಸ.

ಮುಳುಗಡೆ ಹುಡುಗ:
ಮೇಷ್ಟ್ರೇ, ಅಮೆರಿಕದಲ್ಲಿ ಐದು ವರ್ಷ ಉಳುಮೆ ಮಾಡಿದರೆ 160 ಎಕರೆಗೆ ಪಟ್ಟಾ ಕೊಡುತ್ತಿದ್ದರು ಅಂತ ಓದಿದ್ದೇನೆ. ಅಂದ್ರೆ ಅವರಿಗೆ ಕಾಗದ ಸಿಕ್ಕಿತು, ಮುಂದಿನದು ಸಲೀಸಾಯಿತು, ಅಲ್ವಾ? 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದಾಗ ನಮ್ಮ ಅಜ್ಜನನ್ನು ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು. ಅವರೂ ಕಾಡು ಕಡಿದು ಗದ್ದೆ ಮಾಡಿದರು. ನಾವು ಇವತ್ತಿಗೂ ಹಕ್ಕುಪತ್ರಕ್ಕೆ ಅರ್ಜಿ ಹಿಡಿದು ತಿರುಗುತ್ತಿದ್ದೇವೆ. ದುಡಿಮೆಯಲ್ಲಿ ಏನು ಕಡಿಮೆ ಇತ್ತು?

ಸುಮ್ನೆ ಓದುವವ:
ನೀವು ಹೇಳುವುದು 1862ರ ಹೋಮ್‌ಸ್ಟೆಡ್ ಕಾಯ್ದೆ. ಅದು ಟೆಕ್ಸಾಸ್‌ಗೆ ಅನ್ವಯವಾಗಲೇ ಇಲ್ಲ, ಯಾಕೆಂದರೆ ಅಮೆರಿಕಕ್ಕೆ ಸೇರುವಾಗ ಟೆಕ್ಸಾಸ್ ತನ್ನ ಸರ್ಕಾರಿ ಜಮೀನನ್ನು ತಾನೇ ಇಟ್ಟುಕೊಂಡಿತ್ತು. ನೆಬ್ರಾಸ್ಕಾ, ಕಾನ್ಸಾಸ್ ಕಡೆ ಹೋದ ಜರ್ಮನರಿಗೆ ಅದು ಸಿಕ್ಕಿತು. ಆದರೆ ನಿಮ್ಮ ಮಾತಿನ ಮುಖ್ಯ ಅಂಶ ಸರಿ ಇದೆ. ಸರ್ಕಾರ ಯಾರ ಪರ ನಿಂತಿತು ಅನ್ನುವುದೇ ಇಲ್ಲಿ ದೊಡ್ಡದು.

ಫ್ರೆಡರಿಕ್ಸ್‌ಬರ್ಗ್ ಕಟ್ಟಿಸಿದ ಮೊಯ್ಸೆಬಾಖ್ 1847ರಲ್ಲಿ ಕೊಮಾಂಚಿ ಮುಖ್ಯಸ್ಥರ ಜೊತೆ ಕೂತು ಒಪ್ಪಂದ ಮಾಡಿಕೊಂಡ. ಅವರಿಗೆ 3,000 ಡಾಲರ್ ಬೆಲೆಯ ಸಾಮಾನು, ಇವರಿಗೆ ಸರ್ವೆ ಮಾಡಿ ನೆಲೆಸಲು ಅವಕಾಶ. ಆ ಕಾಲಕ್ಕೆ ಇದು ಅಪರೂಪ, ಅದನ್ನು ಮೆಚ್ಚಲೇಬೇಕು. ಆದರೂ 1875ರ ಹೊತ್ತಿಗೆ ಅಮೆರಿಕದ ಸೈನ್ಯ ಉಳಿದ ಕೊಮಾಂಚಿ ಗುಂಪುಗಳನ್ನೂ ಶರಣಾಗಿಸಿ ಈಗಿನ ಒಕ್ಲಹೋಮಾಕ್ಕೆ ಅಟ್ಟಿತು. ಜಮೀನು ಖಾಲಿ ಸಿಗಲಿಲ್ಲ, ಖಾಲಿ ಮಾಡಿಸಿದರು.

ಜರ್ಮನರೂ ಏಟು ತಿಂದರು. ಅಮೆರಿಕದ ಅಂತರ್ಯುದ್ಧದಲ್ಲಿ ಟೆಕ್ಸಾಸ್ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳ ಕಡೆ ನಿಂತಿತು, ಈ ಗುಡ್ಡದ ಜರ್ಮನರಲ್ಲಿ ತುಂಬಾ ಜನ ಉತ್ತರದವರ, ಅಂದರೆ ಅಮೆರಿಕ ಸರ್ಕಾರದ ಕಡೆ. 1862ರ ಆಗಸ್ಟ್‌ನಲ್ಲಿ ಮೆಕ್ಸಿಕೋ ಕಡೆ ತಪ್ಪಿಸಿಕೊಂಡು ಹೊರಟಿದ್ದ ಒಂದು ಗುಂಪಿನ ಮೇಲೆ ದಕ್ಷಿಣದ ಸೈನಿಕರು ನುಯೇಸಸ್ ನದಿ ಹತ್ತಿರ ಬಿದ್ದು ಹಲವರನ್ನು ಕೊಂದರು. ಗಾಯಗೊಂಡು ಬಿದ್ದವರನ್ನೂ ಬಿಡಲಿಲ್ಲ. ಕಂಫರ್ಟ್ ಅನ್ನುವ ಊರಲ್ಲಿ ಅವರ ಸ್ಮಾರಕ ಇದೆ, ತಂಗಿ ಮಗಳಿಗೆ ಹೇಳಿ, ಫ್ರೆಡರಿಕ್ಸ್‌ಬರ್ಗ್‌ಗೆ ಹತ್ತಿರವೇ.

ಹೆಂಚಿನ ಮನೆ, ಕೊಪ್ಪ:
ಹೆಂಚಿನ ಪ್ರಶ್ನೆಗೆ ಚಿಕ್ಕ ಉತ್ತರ. ನೇರ ಸಂಬಂಧ ಇಲ್ಲ. ಮಂಗಳೂರಿಗೆ 1834ರಲ್ಲಿ ಬಂದವರು ಬಾಸೆಲ್ ಮಿಷನ್‌ನವರು, ಧರ್ಮಪ್ರಚಾರಕ್ಕೆ ಬಂದವರು, ಜಮೀನಿಗಲ್ಲ. 1865ರಲ್ಲಿ ಆ ಮಿಷನ್‌ನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಮಲೆನಾಡಿನ ಸೋಗೆ ಮನೆಗಳಿಗೆ ಹೆಂಚು ಬಂದದ್ದು ಆಮೇಲೆ. ನಿಘಂಟಿನ ಕಿಟೆಲ್ ಕೂಡ ಕೊನೆಗೆ ಜರ್ಮನಿಯ ಟ್ಯೂಬಿಂಗನ್‌ಗೆ ವಾಪಸ್ ಹೋಗಿ 1903ರಲ್ಲಿ ಅಲ್ಲೇ ತೀರಿಕೊಂಡರು. ಟೆಕ್ಸಾಸ್‌ನವರು ಹಾಗಲ್ಲ, ಬಹಳಷ್ಟು ಜನ ಅಲ್ಲೇ ಬೇರೂರಿದರು.

ತೋಟದಾಚೆ ಮನೆ, ತೀರ್ಥಹಳ್ಳಿ:
ಎಲ್ಲರಿಗೂ ಥ್ಯಾಂಕ್ಸ್. ಒಂದು ಫೋಟೋದಲ್ಲಿ ಊರೊಳಗೆ ಗೂಡಿನಂಥ ಪುಟ್ಟ ಮನೆ ಇದೆ, ಮೆಟ್ಟಿಲು ಹೊರಗಡೆ. ಅದರಲ್ಲಿ ಸಂಸಾರ ಹೇಗೆ ಮಾಡುತ್ತಿದ್ದರು?

ಗಿರಿಜಕ್ಕ, ಹೊಸನಗರ:
ಸಂಸಾರ ಮಾಡುತ್ತಿರಲಿಲ್ಲ ಅಣ್ಣಾ, ಅದು ಭಾನುವಾರದ ಮನೆ. ಜಮೀನು ದೂರ ಇದ್ದವರು ಶನಿವಾರ ಗಾಡಿ ಕಟ್ಟಿಕೊಂಡು ಬಂದು ಸಂತೆ ಮುಗಿಸಿ, ರಾತ್ರಿ ಅಲ್ಲಿ ಮಲಗಿ, ಬೆಳಿಗ್ಗೆ ಚರ್ಚಿಗೆ ಹೋಗಿ ವಾಪಸ್. ಕೆಳಗೆ ದೊಡ್ಡವರು, ಅಟ್ಟದ ಮೇಲೆ ಮಕ್ಕಳು. ಅಟ್ಟಕ್ಕೆ ಹತ್ತುವುದು ಹೊರಗಿನ ಮೆಟ್ಟಿಲಿಂದ.

ಹೆಂಗಸರು, ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಆ ಕಡಲ ತೀರದಲ್ಲಿ, ದಾರಿಯಲ್ಲಿ ಸತ್ತವರ ಮಕ್ಕಳು ಎಲ್ಲಿ ಹೋದರು? ನ್ಯೂ ಬ್ರೌನ್‌ಫೆಲ್ಸ್‌ನ ಪಾದ್ರಿ ಎರ್ವೆಂಡ್‌ಬರ್ಗ್ ಮತ್ತು ಅವರ ಹೆಂಡತಿ ಲೂಯಿಸೆ ಆ ತಬ್ಬಲಿಗಳನ್ನು ತಂದು ಸಾಕಿದರು, ಅನಾಥಾಲಯ ಕಟ್ಟಿದರು. ಓದುತ್ತಾ ಎಂಥಾ ದೊಡ್ಡ ಮನುಷ್ಯ ಅಂದುಕೊಂಡೆ. 1855ರಲ್ಲಿ ಆ ಪಾದ್ರಿ ಅಲ್ಲಿ ಬೆಳೆದ ಹದಿಹರೆಯದ ಹುಡುಗಿಯೊಬ್ಬಳ ಜೊತೆ ಮೆಕ್ಸಿಕೋಗೆ ಓಡಿಹೋದ. ಲೂಯಿಸೆ ಟೆಕ್ಸಾಸ್‌ನಲ್ಲೇ ಉಳಿದಳು. ಊರಿನ ಕಥೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ನನಗೆ ಮಾತ್ರ ಅವಳ ಬಗ್ಗೆಯೇ ಇನ್ನೂ ಓದಬೇಕು ಅನಿಸುತ್ತಿದೆ.