ಅಯೋಡಿನ್ ವಾರ್ಡಿನ ಸಿಬ್ಬಂದಿಗೆ ವಿಕಿರಣ ಕಡಿಮೆ ಮಾಡುವುದು ಹೇಗೆ? ಅನುಭವ ತಿಳಿಸಿ

ಪ್ರಶ್ನೆ: ನಮ್ಮಲ್ಲಿ ಥೈರಾಯ್ಡ್ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಸೂಸುವ ಔಷಧವಾದ ಅಯೋಡಿನ್-131 ಕೊಡುವ ವಾರ್ಡ್ ಆರಂಭವಾಗುತ್ತಿದೆ. ನಾನು ಅಲ್ಲಿನ ನರ್ಸಿಂಗ್ ಮೇಲ್ವಿಚಾರಕಿ. ಹುಡುಗಿಯರೆಲ್ಲ ಸೀಸದ ಏಪ್ರನ್ ಕೇಳುತ್ತಿದ್ದಾರೆ. ತರಿಸಲೇ?

ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞ: ಏಪ್ರನ್ ನೆಚ್ಚಿಕೊಳ್ಳಬೇಡಿ, ಮೇಡಂ. ಅದು ಎಕ್ಸ್‌ರೇ ಕೋಣೆಗೆ ಸರಿ. ಅಯೋಡಿನ್-131ರ ಮುಖ್ಯ ಗಾಮಾ ಕಿರಣದ ಶಕ್ತಿ 364 ಕಿಲೋ ಎಲೆಕ್ಟ್ರಾನ್ ವೋಲ್ಟ್, ಎಕ್ಸ್‌ರೇಗಿಂತ ಬಹಳ ಹೆಚ್ಚು. ಏಪ್ರನ್‌ನ ಅರ್ಧ ಮಿಲಿಮೀಟರ್ ಸೀಸ ಅದರಲ್ಲಿ ಸ್ವಲ್ಪವನ್ನಷ್ಟೇ ತಡೆಯುತ್ತದೆ. ಆ ಭಾರ ಹೊತ್ತು ಕೆಲಸ ನಿಧಾನವಾದರೆ ನಷ್ಟವೇ ಹೆಚ್ಚು. ಆ ಹಣಕ್ಕೆ ಚಕ್ರವಿರುವ ದಪ್ಪ ಸೀಸದ ತಡೆಗೋಡೆ ತರಿಸಿ, ಹಾಸಿಗೆಯ ಪಕ್ಕ ನಿಲ್ಲಿಸಿ.

ನಮ್ಮಲ್ಲಿ ನಿಜಕ್ಕೂ ಫಲ ಕೊಟ್ಟಿದ್ದು ಔಷಧ ಕೊಡುವ ಮುಂಚಿನ ತಯಾರಿ. ರಕ್ತ ಪರೀಕ್ಷೆ, ಬಿಪಿ, ಒಪ್ಪಿಗೆ ಪತ್ರ ಎಲ್ಲವನ್ನೂ ಮೊದಲೇ ಮುಗಿಸುತ್ತೇವೆ. ಶೌಚಾಲಯ ಹೇಗೆ ಬಳಸಬೇಕು, ಎಷ್ಟು ನೀರು ಕುಡಿಯಬೇಕು, ಊಟದ ತಟ್ಟೆ ಎಲ್ಲಿಡಬೇಕು ಎಂದು ರೋಗಿಯ ಕೈಯಲ್ಲೇ ಮಾಡಿಸಿ ನೋಡುತ್ತೇವೆ. ಆಮೇಲೆ ಮಾತುಕತೆಯೆಲ್ಲ ಇಂಟರ್‌ಕಾಮ್‌ನಲ್ಲಿ. ಒಳಗೆ ಹೋಗಲೇಬೇಕಾದರೆ ಎರಡು ಮೀಟರ್ ದೂರ ನಿಲ್ಲಿ. ಒಂದು ಮೀಟರ್ ದೂರದಲ್ಲಿರುವ ವಿಕಿರಣದ ಸುಮಾರು ಕಾಲು ಭಾಗವಷ್ಟೇ ಅಲ್ಲಿರುತ್ತದೆ.

ವಾರ್ಡ್ ನರ್ಸ್: ವಾಂತಿ ಮತ್ತು ಮೂತ್ರದ ಬಗ್ಗೆ ಯಾರೂ ಹೇಳಲಿಲ್ಲ. ದೇಹದಿಂದ ಅಯೋಡಿನ್ ಹೊರಹೋಗುವುದು ಹೆಚ್ಚಾಗಿ ಮೂತ್ರದಲ್ಲೇ, ಅದೂ ಮೊದಲ ಎರಡು ದಿನಗಳಲ್ಲಿ. ಎರಡು ಜೊತೆ ಕೈಗವಸು ಹಾಕಿ, ಹೊರಗಿನದನ್ನು ಆಗಾಗ ಬದಲಿಸಿ. ಹೊರಬರುವಾಗ ಕೈಕಾಲುಗಳನ್ನು ವಿಕಿರಣ ಅಳೆಯುವ ಮೀಟರ್‌ನಿಂದ ಪರೀಕ್ಷಿಸಿಕೊಳ್ಳಿ. ಹಾಸಿಗೆ ಹಿಡಿದ ರೋಗಿಯಿದ್ದರೆ ಒಬ್ಬರ ಮೇಲೇ ಹೊರಿಸದೆ ಸರದಿ ಮಾಡಿ. ದಯವಿಟ್ಟು ಸ್ವಚ್ಛತಾ ಸಿಬ್ಬಂದಿಗೂ ತರಬೇತಿ ಕೊಡಿ. ಬಟ್ಟೆ, ಕಸ ಮುಟ್ಟುವವರು ಅವರೇ.

ವಿಕಿರಣ ಸುರಕ್ಷತಾ ಅಧಿಕಾರಿ: ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಗುಲಿದ ವಿಕಿರಣ ದಾಖಲಿಸುವ ಬಿಲ್ಲೆ) ಕಡ್ಡಾಯ, ಆದರೆ ಅದರ ಲೆಕ್ಕ ಬರುವುದು ಮೂರು ತಿಂಗಳಿಗೊಮ್ಮೆ. ಅಂದಂದಿನ ಅಂಕಿ ತೋರಿಸುವ ಪಾಕೆಟ್ ಡೋಸಿಮೀಟರ್ ಜೊತೆಗಿರಲಿ. ಯಾವ ಕೆಲಸದಲ್ಲಿ ಅಂಕಿ ಜಿಗಿಯಿತು ಎಂದು ಆ ದಿನವೇ ಗೊತ್ತಾಗುತ್ತದೆ, ಮರುದಿನವೇ ತಿದ್ದಿಕೊಳ್ಳಬಹುದು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗುಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30. ಮಿತಿಯೊಳಗಿದ್ದೇವೆ ಎಂದು ಸುಮ್ಮನಿರಬೇಡಿ, ಇನ್ನೂ ಇಳಿಸಲು ಸಾಧ್ಯವಾದರೆ ಇಳಿಸಲೇಬೇಕು. ಗರ್ಭಿಣಿ ಎಂದು ತಿಳಿಸಿದವರನ್ನು ಕೂಡಲೇ ಬೇರೆ ವಾರ್ಡಿಗೆ ಹಾಕಿ. ಹಾಗೆ ತಿಳಿಸಲು ಅವರು ಅಂಜುವ ವಾತಾವರಣ ಇರಕೂಡದು.

ಪ್ರಶ್ನೆ ಕೇಳಿದವರು: ಏಪ್ರನ್ ಬೇಡಿಕೆಯ ಬದಲು ತಡೆಗೋಡೆ ಮತ್ತು ಡೋಸಿಮೀಟರ್‌ಗೆ ಇಂದೇ ಬರೆಯುತ್ತೇನೆ. ದ್ರವರೂಪದ ಔಷಧವೋ ಕ್ಯಾಪ್ಸೂಲೋ?

ತಂತ್ರಜ್ಞ: ಸಿಕ್ಕರೆ ಕ್ಯಾಪ್ಸೂಲ್. ದ್ರವ ಆವಿಯಾಗಿ ಉಸಿರಿಗೆ ಸೇರಬಹುದು, ಆ ಸೀಸೆಯನ್ನು ಆವಿ ಹೊರಗೆಳೆಯುವ ಪೆಟ್ಟಿಗೆಯಾದ ಫ್ಯೂಮ್ ಹುಡ್‌ನೊಳಗೇ ತೆರೆಯಬೇಕು.