ನೂರ ಐದನ್ನು 1005 ಎಂದು ಬರೆಯುವ ಮಕ್ಕಳು: ಸಂಖ್ಯಾ ಪದ್ಧತಿ ಕುರಿತ ಪ್ರಶ್ನೋತ್ತರ

ಪ್ರಶ್ನೆ (ಪ್ರಾಥಮಿಕ ಶಿಕ್ಷಕ ತರಬೇತಿಯಾದ ಡಿ.ಎಲ್.ಇಡಿ. ವಿದ್ಯಾರ್ಥಿನಿ, ಗಂಗಾವತಿ): ಗುರುಗಳಿಗೆ ನಮಸ್ಕಾರ. ನಾನು ಬೋಧನಾಭ್ಯಾಸಕ್ಕೆ ಹೋಗುತ್ತಿರುವ ಶಾಲೆಯ ಮೂರನೆಯ ತರಗತಿಯಲ್ಲಿ ‘ನೂರ ಐದು’ ಬರೆಯಿರಿ ಎಂದರೆ ಹಲವು ಮಕ್ಕಳು 1005 ಎಂದು ಬರೆಯುತ್ತಾರೆ. ಆದರೆ 347ರಲ್ಲಿ 4ರ ಸ್ಥಾನಬೆಲೆ ಕೇಳಿದರೆ ಅದೇ ಮಕ್ಕಳು ತಡವರಿಸದೆ 40 ಎನ್ನುತ್ತಾರೆ. ಇದಕ್ಕೆ ಕಾರಣವೇನು? ಎಲ್ಲಿಂದ ತಿದ್ದಬೇಕು?

ಉತ್ತರ (ಗಣಿತ ಉಪನ್ಯಾಸಕರು, ರಾಯಚೂರು): ಮಗು ಕೇಳಿದ ಕ್ರಮದಲ್ಲಿಯೇ ಬರೆದಿದೆ, ಮೊದಲು ನೂರಕ್ಕೆ 100, ಅದರ ಪಕ್ಕದಲ್ಲಿ ಐದಕ್ಕೆ 5. ಅದಕ್ಕೆ ನೂರೂ ಗೊತ್ತು, ಐದೂ ಗೊತ್ತು. ಬರವಣಿಗೆಯಲ್ಲಿ ಅಂಕಿಯ ಬೆಲೆಯನ್ನು ಅದು ನಿಂತ ಸ್ಥಾನವೇ ನಿರ್ಧರಿಸುತ್ತದೆ ಎಂಬುದಷ್ಟೇ ಇನ್ನೂ ತಿಳಿದಿಲ್ಲ. ಮಾತನಾಡುವಾಗ ಹತ್ತರ ಗುಂಪು ಇಲ್ಲದಿದ್ದರೆ ಅದನ್ನು ಹೇಳದೆ ಮುಂದೆ ಹೋಗುತ್ತೇವೆ, ಬರೆಯುವಾಗ ಮಾತ್ರ ಆ ಖಾಲಿ ಸ್ಥಾನವನ್ನು ಸೊನ್ನೆಯಿಂದ ತುಂಬಲೇಬೇಕು. ಇನ್ನು 40 ಎಂಬ ಉತ್ತರ, ‘ಬಲದಿಂದ ಎರಡನೆಯ ಅಂಕಿಗೆ ಒಂದು ಸೊನ್ನೆ ಸೇರಿಸು’ ಎಂಬ ಬಾಯಿಪಾಠದಿಂದಲೂ ಬರಬಹುದು. ಪರೀಕ್ಷಿಸಬೇಕೆಂದರೆ 347ರಲ್ಲಿ ಒಟ್ಟು ಎಷ್ಟು ಹತ್ತುಗಳಿವೆ ಎಂದು ಕೇಳಿ ನೋಡಿ. ಸರಿಯಾದ ಉತ್ತರ 34. ಬಾಯಿಪಾಠದ ಮಗು 4 ಎನ್ನುತ್ತದೆ. (ಶಿಕ್ಷಕರಾಗಲು ಬರುವವರಲ್ಲಿಯೂ 4 ಎನ್ನುವವರಿಗೆ ಕೊರತೆಯಿಲ್ಲ.)

ತಿದ್ದುವ ಕೆಲಸ ಕಪ್ಪುಹಲಗೆಯಿಂದ ಆರಂಭವಾಗಬಾರದು. ನಮ್ಮ ಸೀಮೆಯಲ್ಲಿ ಹತ್ತಿಕಟ್ಟಿಗೆಗೆ ಬರವಿಲ್ಲ. ಅದರ ಸಣ್ಣ ತುಂಡುಗಳನ್ನು ಮಕ್ಕಳೇ ಎಣಿಸಿ ಹತ್ತು ಹತ್ತರ ಕಟ್ಟು ಕಟ್ಟಲಿ, ಅಂಥ ಹತ್ತು ಕಟ್ಟುಗಳನ್ನು ಸೇರಿಸಿ ನೂರರ ದೊಡ್ಡ ಕಟ್ಟು ಮಾಡಲಿ. ನೆಲದ ಮೇಲೆ ನೂರು, ಹತ್ತು, ಬಿಡಿ ಎಂದು ಮೂರು ಮನೆ ಬರೆದು 105ನ್ನು ಜೋಡಿಸಲು ಹೇಳಿದಾಗ ನಡುವಿನ ಮನೆ ಖಾಲಿ ಉಳಿಯುವುದು ಮಗುವಿನ ಕಣ್ಣಿಗೇ ಬೀಳುತ್ತದೆ. ಅನಂತರ 100 ಎಂಬ ಉದ್ದನೆಯ ಕಾರ್ಡಿನ ಕೊನೆಯ ಸೊನ್ನೆಯ ಮೇಲೆ 5ರ ಕಾರ್ಡನ್ನು ಇರಿಸಿ. 5 ಪಕ್ಕಕ್ಕೆ ಬಂದು ಸೇರುವುದಿಲ್ಲ, ಸೊನ್ನೆಯ ಸ್ಥಾನವನ್ನು ಪಡೆಯುತ್ತದೆ ಎಂಬುದು ಆಗ ಸ್ಪಷ್ಟವಾಗುತ್ತದೆ. 105, 150, 115 ಈ ಮೂರನ್ನೂ ಒಂದೇ ದಿನ ಮಾಡಿಸಿರಿ. ಬೇರೆ ಬೇರೆ ದಿನ ಮಾಡಿಸಿದರೆ ಹೋಲಿಸಿ ನೋಡುವ ಅವಕಾಶ ತಪ್ಪುತ್ತದೆ.

ಪ್ರಶ್ನೆ (ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿ.ಇ.ಟಿ. ಅಭ್ಯರ್ಥಿ, ಸಿರುಗುಪ್ಪ): ಸರ್, ಸೊನ್ನೆ ಸಮಸಂಖ್ಯೆಯೇ? 1 ಅವಿಭಾಜ್ಯ ಸಂಖ್ಯೆಯೇ? 12ನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಬರುತ್ತದೆ ಎಂದು ಕೆಲವರು, 12 ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಸೊನ್ನೆ ಸಮಸಂಖ್ಯೆ, ಏಕೆಂದರೆ 0 = 2 × 0. ಅದು ಸ್ವಾಭಾವಿಕ ಸಂಖ್ಯೆಗಳ (1, 2, 3, …) ಗುಂಪಿನಲ್ಲಿಲ್ಲ, ಪೂರ್ಣ ಸಂಖ್ಯೆಗಳ (0, 1, 2, 3, …) ಗುಂಪಿನಲ್ಲಿದೆ. ಅವಿಭಾಜ್ಯ ಸಂಖ್ಯೆಗೆ ಸರಿಯಾಗಿ ಎರಡು ಬೇರೆ ಬೇರೆ ಅಪವರ್ತನಗಳಿರಬೇಕು, ಅಂದರೆ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎರಡೇ ಇರಬೇಕು. 1ಕ್ಕೆ ಒಂದೇ ಅಪವರ್ತನವಿರುವುದರಿಂದ ಅದು ಅವಿಭಾಜ್ಯವೂ ಅಲ್ಲ, ಸಂಯುಕ್ತವೂ (ಎರಡಕ್ಕಿಂತ ಹೆಚ್ಚು ಅಪವರ್ತನಗಳಿರುವ ಸಂಖ್ಯೆ) ಅಲ್ಲ.

ಭಾಗಾಕಾರದ ವಿಷಯದಲ್ಲಿ ಎರಡು ಉತ್ತರಗಳೂ ತಪ್ಪು. 12ರಿಂದ ಮೂರು ಮೂರರಂತೆ ತೆಗೆದರೆ ನಾಲ್ಕು ಸಲಕ್ಕೆ ಮುಗಿಯುತ್ತದೆ. ಸೊನ್ನೆಯಂತೆ ಎಷ್ಟು ಸಲ ತೆಗೆದರೂ 12 ಹಾಗೆಯೇ ಉಳಿಯುತ್ತದೆ, ಎಣಿಕೆ ಮುಗಿಯುವುದೇ ಇಲ್ಲ. ಸೊನ್ನೆಯಿಂದ ಗುಣಿಸಿ 12 ಪಡೆಯುವ ಸಂಖ್ಯೆಯೂ ಇಲ್ಲ. ಆದ್ದರಿಂದ 12 ÷ 0 ಎಂಬುದಕ್ಕೆ ಅರ್ಥವಿಲ್ಲ, 0 ÷ 12 ಮಾತ್ರ 0. ಈ ಗೊಂದಲ ಹೊಸದಲ್ಲ. 628ರಲ್ಲಿ ಸೊನ್ನೆಯ ಲೆಕ್ಕಕ್ಕೆ ನಿಯಮಗಳನ್ನು ಕೊಟ್ಟ ಬ್ರಹ್ಮಗುಪ್ತನು 0 ÷ 0 ಎಂದರೆ 0 ಎಂದಿದ್ದನು. 9ನೆಯ ಶತಮಾನದಲ್ಲಿ, ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯನು, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದನು. ಆದ್ದರಿಂದ 12 ಎಂದು ಉತ್ತರಿಸಿದ ಮಗುವಿಗೆ ತಪ್ಪು ಎನ್ನುವ ಮೊದಲು, 12 × 0 ಎಷ್ಟು ಎಂದು ಅದನ್ನೇ ಕೇಳಿರಿ.